ಅರ್ಧ ಮೀಟರ್ ಪೈಪು

ಶಕ್ತಿನಗರದಲ್ಲಿ ಮನೆ ಎಂದರೆ ಒಂದೋ ಏರಿನಲ್ಲಿ, ಇಲ್ಲವೇ ಇಳಿಜಾರಿನಲ್ಲಿ. ನಮ್ಮದು ಏರಿನ ತುದಿಯಲ್ಲಿದೆ. ವಿಶ್ವ ಕೊಂಕಣಿ ಕೇಂದ್ರಕ್ಕೋ ಕಲಾಂಗಣಕ್ಕೋ ಕಾರ್ಯಕ್ರಮ ನೋಡಲು ಬಂದ ಪರಿಚಯದವರು ನಮ್ಮಲ್ಲಿಗೂ ಹತ್ತಿ ಬಂದು, ಅಂಗಳದಲ್ಲಿ ಏದುಸಿರು ಬಿಡುತ್ತಾ ಮೊದಲು ಕೇಳುವುದು ನೀರು. ಎರಡನೆಯದಾಗಿ ಕೇಳುವುದು, “ಇದು ಯಾರ ಜೀಪು?”

ಜೀಪು ಅಪ್ಪನದು. ಹಳೆಯ ಮಾದರಿಯ ಮಹೀಂದ್ರ ಡೀಸೆಲ್ ಜೀಪು, ವಯಸ್ಸಿನಲ್ಲಿ ನನಗಿಂತ ದೊಡ್ಡದು. ಅಪ್ಪ ಅದನ್ನು ಕೊಂಡಾಗ ಅದು ಜೀಪಾಗಿರಲಿಲ್ಲ, ಪಿಕಪ್ಪಿನಲ್ಲಿ ತಂದು ಅಂಗಳಕ್ಕೆ ಸುರಿದ ಜೀಪಿನ ಭಾಗಗಳಾಗಿತ್ತು. ಛಾಸಿ ಒಂದು ಕಡೆ, ಎಂಜಿನ್ ಒಂದು ಕಡೆ, ಗೋಣಿಯಲ್ಲಿ ನಟ್ಟು ಬೋಲ್ಟು, ಬಿಸ್ಕತ್ತಿನ ಡಬ್ಬಿಯಲ್ಲಿ ಯಾವುದಕ್ಕೆ ಸೇರಿದ್ದೆಂದು ಗೊತ್ತಿಲ್ಲದ ಸ್ಪ್ರಿಂಗುಗಳು, ಮತ್ತು ಪ್ಲಾಸ್ಟಿಕ್ ಕವರಿನೊಳಗೆ ಜೋಪಾನವಾಗಿ ಮಡಚಿಟ್ಟ ಆರ್‌ಸಿ ಪುಸ್ತಕ. ಅಪ್ಪ ಹಣ ಕೊಟ್ಟದ್ದು ನಿಜವಾಗಿ ಆ ಪುಸ್ತಕಕ್ಕೆ. ಅದಿಲ್ಲದಿದ್ದರೆ ಉಳಿದದ್ದೆಲ್ಲ ಗುಜರಿ.

ನಾನು ಹುಟ್ಟುವ ಮೊದಲು ಅಪ್ಪ ಸುಳ್ಯದ ಕಡೆ ಬಾಡಿಗೆ ಜೀಪು ಓಡಿಸುತ್ತಿದ್ದರು. ಬಸ್ಸು ಹೋಗದ ಊರಿಗೆ ಜೀಪು ಹೋಗುತ್ತಿದ್ದ ಕಾಲ ಅದು. ಒಳಗೆ ಅಡಿಕೆ ಮೂಟೆ, ಮೂಟೆಯ ಮೇಲೆ ಜನ, ಹಿಂದೆ ನೇತುಕೊಂಡ ಶಾಲೆ ಮಕ್ಕಳು, ಎಂದಾದರೂ ಒಮ್ಮೆ ನಡುರಾತ್ರಿ ಹೆರಿಗೆಗೆ ಹೊರಟ ಹೆಂಗಸು. ಆ ಜೀಪು ಸ್ವಂತದ್ದಾಗಿರಲಿಲ್ಲ. ನಮ್ಮ ಓದಿಗಾಗಿ ಮಂಗಳೂರಿಗೆ ಬಂದ ಮೇಲೆ ಅಪ್ಪ ಯಾರ ಯಾರದೋ ಕಾರು, ಟೆಂಪೊ ಓಡಿಸಿದರು. ಮಂಡಿನೋವು ಜೋರಾಗಿ ಕೆಲಸ ಬಿಟ್ಟ ವರ್ಷ ಈ ಗುಜರಿಯನ್ನು ಮನೆಗೆ ತಂದರು. “ಇಷ್ಟು ವರ್ಷ ಬೇರೆಯವರದ್ದು ಬಿಟ್ಟದ್ದು” ಎಂದಷ್ಟೇ ಹೇಳಿದರು.

ಹೊರದೇಶಗಳಲ್ಲಿ ಇದನ್ನು ಕಿಟ್ ಕಾರ್ ಎನ್ನುತ್ತಾರೆಂದು ಆಮೇಲೆ ಓದಿ ತಿಳಿದೆ. ಕಂಪನಿ ಭಾಗಗಳನ್ನು ಪೆಟ್ಟಿಗೆಯಲ್ಲಿ ಕೊಡುತ್ತದೆ, ಕೊಂಡವರು ಮನೆಯ ಶೆಡ್ಡಿನಲ್ಲಿ ಜೋಡಿಸಿಕೊಳ್ಳುತ್ತಾರೆ. ಬ್ರಿಟನ್ನಿನ ಲೋಟಸ್ ಸೆವೆನ್ 1957ರಿಂದ ಹೀಗೆ ಮಾರಾಟವಾಗಿ ಪ್ರಸಿದ್ಧವಾಯಿತು. ಸಿದ್ಧ ಕಾರಿಗೆ ಬೀಳುತ್ತಿದ್ದ ಖರೀದಿ ತೆರಿಗೆ ಅಲ್ಲಿ ಬಿಡಿಭಾಗಗಳಿಗೆ ಬೀಳುತ್ತಿರಲಿಲ್ಲ. ನಮ್ಮಲ್ಲಿ ಆ ದಾರಿ ಸುಲಭವಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ವಿವರಕ್ಕೂ ಗಾಡಿಗೂ ವ್ಯತ್ಯಾಸ ಬರುವಂತೆ ಬದಲಾಯಿಸುವುದನ್ನು ತಡೆಯುತ್ತದೆ. ಆದರೆ ಜೀಪಿನ ಕಥೆ ಸ್ವಲ್ಪ ಬೇರೆ. ಈ ದೇಶಕ್ಕೆ ಜೀಪು ಬಂದದ್ದೇ ಬಿಡಿಬಿಡಿಯಾಗಿ. ಅಮೆರಿಕದ ವಿಲ್ಲೀಸ್ ಜೀಪುಗಳನ್ನು ಮಹೀಂದ್ರದವರು 1947ರಿಂದ ಮುಂಬಯಿಯಲ್ಲಿ ಜೋಡಿಸತೊಡಗಿದರು. ಹಾಗೆ ನೋಡಿದರೆ ನಮ್ಮ ಅಂಗಳದಲ್ಲಿ ನಡೆದದ್ದು ಹಳೆಯ ಕೆಲಸವೇ, ಎರಡನೆಯ ಸಲ.

ಜೋಡಿಸಿದ್ದು ಮೂವರು. ಅಪ್ಪ, ಗ್ಯಾರೇಜಿನ ಕಾಕ, ಮತ್ತು ಪಾನಾ ಎತ್ತಿಕೊಡಲು ನಾನು. ಕಾಕ ಅಪ್ಪನ ಹಳೆಯ ಸ್ನೇಹಿತರು. ತಮ್ಮ ಗ್ಯಾರೇಜನ್ನು ಮಗನಿಗೆ ಬಿಟ್ಟು ಸಂಜೆ ಹೊತ್ತು ನಮ್ಮಲ್ಲಿಗೆ ಬರುತ್ತಿದ್ದರು. ನಾನು ಆಗ ಕೊಣಾಜೆಯಲ್ಲಿ ಪಿಎಚ್‌ಡಿಗೆ ಸೇರಿ ಎರಡು ವರ್ಷವಾಗಿತ್ತು. ವಿಷಯ ಗ್ರಂಥಸಂಪಾದನೆ. ಹಗಲಿಡೀ ತಾಳೆಗರಿಗಳ ಚಿತ್ರ ನೋಡುತ್ತಾ ಲಿಪಿಕಾರನು ‘ಪ’ ಬರೆದನೋ ‘ವ’ ಬರೆದನೋ ಎಂದು ಕಣ್ಣು ಕೀಲಿಸುವುದು, ಸಂಜೆ ಬಂದು ಗ್ರೀಸು ಹಚ್ಚಿಕೊಳ್ಳುವುದು. ಎರಡರ ನಡುವೆ ಸಂಬಂಧ ಉಂಟೆಂದು ಆಗ ಅನಿಸಿರಲಿಲ್ಲ.

ಈಗ ಬ್ರೇಕಿನ ವಿಷಯ. ಆ ಮಾದರಿಯ ಜೀಪಿನಲ್ಲಿ ಬ್ರೇಕಿನ ಮಾಸ್ಟರ್ ಸಿಲಿಂಡರ್ ಇರುವುದು ಡ್ರೈವರನ ಕಾಲಡಿಯಲ್ಲಿ, ಛಾಸಿಗೆ ಅಂಟಿಕೊಂಡು. ಬ್ರೇಕ್ ಆಯಿಲ್ ತುಂಬುವ ಜಾಗ ಅದರ ಹೊಟ್ಟೆಯೊಳಗೇ. ಆಯಿಲ್ ಎಷ್ಟುಂಟು ಎಂದು ನೋಡಬೇಕಾದರೆ ಮ್ಯಾಟ್ ಎತ್ತಿ, ನೆಲದ ತಗಡಿನ ಸಣ್ಣ ಮುಚ್ಚಳ ಬಿಚ್ಚಿ, ಒಳಗೆ ಕೂತ ಧೂಳನ್ನು ಬಟ್ಟೆಯಿಂದ ಒರೆಸಿ, ಆಮೇಲೆ ಬಿರಡೆ ತಿರುಗಿಸಬೇಕು. ಧೂಳು ಒರೆಸದೆ ತೆರೆದರೆ ಅದು ಸಿಲಿಂಡರಿಗೆ ಬಿದ್ದು ರಬ್ಬರನ್ನು ತಿನ್ನುತ್ತದೆ. ಸುಳ್ಯದ ಕಾಲದಿಂದಲೂ ಅಪ್ಪನಿಗೆ ಇದು ಭಾನುವಾರ ಬೆಳಗ್ಗಿನ ವ್ರತ. ಈ ಜೀಪು ಓಡಲು ಶುರುವಾದ ಮೇಲೂ ಹಾಗೆಯೇ ನಡೆಯಿತು. ಆದರೆ ಈಗ ಬಗ್ಗಿ ಕೂತರೆ ಏಳುವಾಗ ಸ್ಟೀರಿಂಗ್ ಹಿಡಿದು ಒಂದು ನಿಮಿಷ ನಿಲ್ಲಬೇಕಾಗುತ್ತಿತ್ತು.

“ಡಬ್ಬಿಯನ್ನು ಮೇಲೆ ತರುವ” ಎಂದವಳು ನಾನು. ಈಗಿನ ಎಲ್ಲ ಗಾಡಿಗಳಲ್ಲಿ ಇರುವ ಹಾಗೆ ಬಿಳಿ ಪ್ಲಾಸ್ಟಿಕ್ ಡಬ್ಬಿಯನ್ನು ಬಾನೆಟ್ಟಿನೊಳಗೆ, ಎಂಜಿನ್ನಿಗೂ ಡ್ರೈವರನಿಗೂ ನಡುವಿನ ತಗಡಿನ ಗೋಡೆಗೆ ಕೂರಿಸುವುದು. ಅಲ್ಲಿಂದ ರಬ್ಬರ್ ಪೈಪೊಂದು ಕೆಳಗಿಳಿದು ಸಿಲಿಂಡರಿಗೆ ಆಯಿಲ್ ಕೊಡುತ್ತದೆ. ಬಾನೆಟ್ ಎತ್ತಿದರೆ ಸಾಕು, ಡಬ್ಬಿಯ ಹೊರಗಿನಿಂದಲೇ ಲೆವೆಲ್ ಕಾಣುತ್ತದೆ. ಹೇಗೂ ಹಳೆಯ ಸಿಲಿಂಡರಿನ ಒಳಗೆ ತುಕ್ಕಿನ ಗುಳಿ ಬಿದ್ದಿತ್ತು. ಕಾಕ ಬಂದರಿನ ಅಂಗಡಿಯಿಂದ ಬೇರೊಂದು ಗಾಡಿಯ ಸಿಲಿಂಡರ್ ತಂದರು. ಅದಕ್ಕೆ ಸ್ವಂತ ಹೊಟ್ಟೆಯಿಲ್ಲ, ಪೈಪು ಸಿಕ್ಕಿಸಲು ಒಂದು ಮೂಗು ಮಾತ್ರ. ಅಂದರೆ ಪೈಪು ಕೈಕೊಟ್ಟರೆ ಸಿಲಿಂಡರಿನ ಬಳಿ ಉಳಿತಾಯ ಅಂತ ಏನೂ ಇಲ್ಲ.

ಎಲ್ಲ ಜೋಡಿಸಿ ಪೈಪೊಂದು ಬಾಕಿ ಇರುವಾಗ ಕಾಕನಿಗೆ ಊರಿನಲ್ಲಿ ಮದುವೆ ಬಂತು. “ಸೋಮವಾರದವರೆಗೆ ನಿಲ್ಲು ಮಗಳೇ, ಆ ಪೈಪು ನಾನು ನೋಡಿ ತರ್ತೇನೆ” ಎಂದು ಹೋದರು. ಅದು ಫೆಬ್ರವರಿಯ ಒಂದು ಶನಿವಾರ. ನನಗೆ ರಜೆ. ಡೀಸೆಲ್ ಲೈನಿಗೆ ತಂದು ಉಳಿದಿದ್ದ ಅರ್ಧ ಮೀಟರ್ ಕಪ್ಪು ಪೈಪು ಮೊಳೆಯಲ್ಲಿ ನೇತಾಡುತ್ತಿತ್ತು. ಅಳತೆ ಸರಿಯಾಗಿತ್ತು. ಹೊಸದು, ಒಳಗೆ ನೂಲಿನ ಹೆಣಿಗೆ ಇರುವ ಗಟ್ಟಿ ಪೈಪು. ಡೀಸೆಲ್ ತಡೆಯುವ ಪೈಪು ಬ್ರೇಕ್ ಆಯಿಲ್ ತಡೆಯದೇ? ಎರಡೂ ಎಣ್ಣೆಯೇ ಅಲ್ಲವೇ?

ಇನ್ನೊಂದು ತರ್ಕವೂ ನನ್ನಲ್ಲಿತ್ತು. ಮುಚ್ಚಿದ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ ಎಂದು ಹದಿನೇಳನೇ ಶತಮಾನದಲ್ಲಿ ಪಾಸ್ಕಲ್ ಹೇಳಿದ್ದನ್ನು ಶಾಲೆಯಲ್ಲಿ ಓದಿದ್ದೇವೆ. ಅದನ್ನು ಗಾಡಿಯ ಬ್ರೇಕಿಗೆ ತಂದವರಲ್ಲಿ ಮುಖ್ಯನು ಮಾಲ್ಕಮ್ ಲಾಕ್‌ಹೀಡ್. ಅವನ ಪೇಟೆಂಟು 1917ರದ್ದು. 1921ರ ಡ್ಯೂಸೆನ್‌ಬರ್ಗ್ ಕಾರು ನಾಲ್ಕೂ ಚಕ್ರಕ್ಕೆ ಅಂಥ ಬ್ರೇಕು ಹಾಕಿತು. ಆದರೆ ಆ ಒತ್ತಡವೆಲ್ಲ ಹುಟ್ಟುವುದು ಸಿಲಿಂಡರಿನ ಆಚೆಗೆ, ಚಕ್ರದ ಕಡೆಗೆ. ಅದಕ್ಕೆ ಹೊಸ ಸ್ಟೀಲು ಪೈಪು ತಂದಿದ್ದೆವು. ಡಬ್ಬಿಯಿಂದ ಸಿಲಿಂಡರಿಗೆ ಬರುವ ಪೈಪಿನಲ್ಲಿ ಒತ್ತಡವೇ ಇಲ್ಲ, ಆಯಿಲ್ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಭಾರ ಹೊರದ ಪೈಪಿಗೆ ಯಾವುದಾದರೂ ಆದೀತು ಎಂದುಕೊಂಡು ಸಿಕ್ಕಿಸಿ, ಸ್ಕ್ರೂ ಕ್ಲಿಪ್ಪನ್ನು ಬಲವಾಗಿ ತಿರುಗಿಸಿದೆ.

ಚಂದ ಕಾಣಲೆಂದು ಪೈಪನ್ನು ಬ್ರಾಕೆಟ್ಟಿನ ಮೇಲಿಂದ ಒಂದು ಕಮಾನಿನ ಹಾಗೆ ಹಾಯಿಸಿದ್ದೆ. ಅವತ್ತು ಸಂಜೆಯಿಡೀ ಬ್ರೇಕಿನ ಗಾಳಿ ಹೋಗಲಿಲ್ಲ. ಅಪ್ಪ ಪೆಡಲ್ ಒತ್ತಿ ಹಿಡಿಯುವುದು, ನಾನು ಚಕ್ರದ ಬಳಿ ನಿಪ್ಪಲ್ ಸಡಿಲಿಸುವುದು, ಗುಳ್ಳೆ ಬರುವುದು, ಮತ್ತೆ ಅದೇ. ಕೊನೆಗೆ ಪೈಪನ್ನು ಒಂದಷ್ಟು ಕುಲುಕಿ ಹೇಗೋ ಸರಿಯಾಯಿತು. ಸೋಮವಾರ ಬಂದ ಕಾಕ ಬಾನೆಟ್ ಎತ್ತಿ ನೋಡಿ, “ಹಾಕಿಯಾಯ್ತಾ?” ಎಂದರು. ಯಾವ ಪೈಪು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆಮೇಲೆ ಆದದ್ದನ್ನು ಹೇಳಲು ನನಗೆ ಈಗಲೂ ನಾಚಿಕೆ. ಲೆವೆಲ್ ನೋಡುವುದು ಸುಲಭವಾಯಿತು. ಸುಲಭವಾದ ಕಾರಣ ನೋಡುವುದು ನಿಂತಿತು. ನೆಲದ ಮುಚ್ಚಳ ಬಿಚ್ಚುವುದು ಒಂದು ಕೆಲಸವಾಗಿದ್ದಾಗ ಅಪ್ಪ ತಪ್ಪದೆ ಮಾಡುತ್ತಿದ್ದರು. ಈಗ ಅದು ಕೆಲಸವೇ ಅಲ್ಲವಲ್ಲ, ಯಾವಾಗ ಬೇಕಾದರೂ ನೋಡಬಹುದು! “ಭಾನುವಾರ ನಾನೇ ನೋಡ್ತೇನೆ, ನೀವು ಬಾನೆಟ್ ಎತ್ತುವುದು ಬೇಡ” ಎಂದು ಅಪ್ಪನಿಗೆ ಹೇಳಿದ್ದೆ. ಮಾರ್ಚಿನಲ್ಲಿ ನೋಡಿದೆ, ಏಪ್ರಿಲಿನಲ್ಲಿ ನೋಡಿದೆ. ಮೇ ತಿಂಗಳಲ್ಲಿ ನನ್ನ ಪ್ರಬಂಧದ ಒಂದು ಅಧ್ಯಾಯವನ್ನು ಗೈಡ್ ಪೂರ್ತಿಯಾಗಿ ತಿರುಗಿ ಬರೆಯಲು ಹೇಳಿದರು. ಆ ಮೇಲಿನ ಭಾನುವಾರಗಳಲ್ಲಿ ಅಪ್ಪ “ನೋಡಿದ್ಯಾ?” ಎಂದು ಕೇಳಿದರೆ “ಸರಿ ಉಂಟು” ಎನ್ನುತ್ತಿದ್ದೆ. ಕಳೆದ ಸಲ ಸರಿಯಿತ್ತು, ಆದ್ದರಿಂದ ಈ ಸಲವೂ ಸರಿಯಿರುತ್ತದೆ.

ಜೂನಿನಲ್ಲಿ ಒಂದು ಸೂಚನೆ ಸಿಕ್ಕಿತ್ತು. ಬೇರೇನೋ ಹುಡುಕಲು ಬಾನೆಟ್ ಎತ್ತಿದಾಗ ಡಬ್ಬಿಯ ಕೆಳಗಿನ ತಗಡಿನ ಗೋಡೆಯಲ್ಲಿ ಹೊಸ ಹಸಿರು ಬಣ್ಣ ಗುಳ್ಳೆಯೆದ್ದು ಸುಲಿದಿತ್ತು. ಮಳೆಗಾಲ, ತುಕ್ಕು, ಕಡಿಮೆ ಬೆಲೆಯ ಬಣ್ಣ ಎಂದುಕೊಂಡು ಮುಚ್ಚಿದೆ. ಬ್ರೇಕ್ ಆಯಿಲ್ ಬಿದ್ದ ಕಡೆ ಬಣ್ಣ ಸುಲಿಯುತ್ತದೆ ಎಂದು ಯಾವ ಮೆಕ್ಯಾನಿಕ್ಕಿನ ಮಗುವಿಗೂ ಗೊತ್ತು. ತೊಟ್ಟಿಕ್ಕಿದ್ದನ್ನು ಮಳೆ ತೊಳೆಯುತ್ತಿತ್ತು, ಅಂಗಳದಲ್ಲಿ ಕಲೆ ಉಳಿಯುತ್ತಿರಲಿಲ್ಲ.

ಆಟಿ ತಿಂಗಳ ಒಂದು ಬೆಳಗ್ಗೆ. ನನ್ನನ್ನು ಬಸ್ಸಿಗೆಂದು ನಂತೂರಿನವರೆಗೆ ಬಿಡಲು ಅಪ್ಪ ಜೀಪು ತೆಗೆದರು. ಗೇಟಿನಲ್ಲಿ ಒಮ್ಮೆ ಬ್ರೇಕು ಹಿಡಿಯಿತು. ಇಳಿಜಾರಿನ ನಡುವೆ ಅಪ್ಪನ ಕಾಲು ಎರಡು ಸಲ, ಮೂರು ಸಲ ಒತ್ತುವುದನ್ನು ಕಂಡೆ. ನಮ್ಮ ಮನೆಮಾತು ತುಳು. ಅಪ್ಪ ಬಹಳ ಮೆಲ್ಲಗೆ, ಅಂಗಡಿಯಲ್ಲಿ ಸಕ್ಕರೆ ಇಲ್ಲ ಎಂದು ಹೇಳಿದ ಹಾಗೆ ಹೇಳಿದರು. “ಬ್ರೇಕ್ ಇಜ್ಜಿ.”

ಇಳಿಜಾರಿನ ಬುಡದಲ್ಲಿ ರಸ್ತೆ ತಿರುಗುವಲ್ಲಿ ಶಾಲೆಯ ವ್ಯಾನಿಗೆ ಕಾಯುವ ಮಕ್ಕಳು ಕೊಡೆ ಹಿಡಿದು ನಿಂತಿದ್ದರು. ಅಪ್ಪ ಗೇರನ್ನು ಎರಡಕ್ಕೆ ತಳ್ಳಿದರು, ಗೇರ್‌ಬಾಕ್ಸು ಕಿರುಚಿತು. ಹ್ಯಾಂಡ್ ಬ್ರೇಕ್ ಎಳೆದರು. ಹಳೆ ಜೀಪಿನಲ್ಲಿ ಹ್ಯಾಂಡ್ ಬ್ರೇಕು ಚಕ್ರಕ್ಕಲ್ಲ, ಪ್ರೊಪೆಲ್ಲರ್ ಶಾಫ್ಟಿನ ಡ್ರಮ್ಮಿಗೆ ಹಿಡಿಯುತ್ತದೆ. ಅದಕ್ಕೆ ಆಯಿಲ್ ಬೇಕಿಲ್ಲ. ಆದರೂ ಆ ಮಳೆಯಲ್ಲಿ ಪೂರ್ತಿ ನಿಲ್ಲಲಿಲ್ಲ. ಅಪ್ಪ ಸ್ಟೀರಿಂಗನ್ನು ಮಕ್ಕಳಿಲ್ಲದ ಕಡೆಗೆ, ಕೆಂಪುಕಲ್ಲಿನ ಪಾಗಾರಕ್ಕೆ ತಿರುಗಿಸಿದರು. ಸದ್ದಿಗೆ ಹೆದರಿ ಹಿಂದೆ ಹಾರಿದ ಒಬ್ಬ ಹುಡುಗನ ಕೊಡೆ ಬಂಪರಿನ ಕೆಳಗೆ ಸಿಕ್ಕಿತು. ಹುಡುಗನಿಗೆ ಏನೂ ಆಗಲಿಲ್ಲ. ಸ್ಟೀರಿಂಗಿನ ಹೊಡೆತಕ್ಕೆ ಅಪ್ಪನ ಬಲಗೈ ಮಣಿಕಟ್ಟು ಮುರಿಯಿತು.

ಸೇರಿದ ಜನರಿಗೆ, ಆಮೇಲೆ ಆಸ್ಪತ್ರೆಗೆ ಬಂದ ಅಣ್ಣನಿಗೆ, ಅತ್ತೆಯಂದಿರಿಗೆ ಅಪ್ಪ ಒಂದೇ ಮಾತು ಹೇಳಿದರು. “ಕಾಲು ಜಾರಿತು. ಮಳೆ, ರಬ್ಬರ್ ಚಪ್ಪಲಿ. ಬ್ರೇಕಿನ ಮೇಲಿಂದ ಕಾಲು ಜಾರಿತು.”

ನಾನು ಪಕ್ಕದಲ್ಲಿದ್ದೆ. ಕಾಲು ಜಾರಿರಲಿಲ್ಲ.

ಅಣ್ಣ ಬೆಂಗಳೂರಿಗೆ ಹಿಂತಿರುಗುವಾಗ ಜೀಪಿನ ಕೀಲಿ ತೆಗೆದುಕೊಂಡು ಹೋದ. “ಇನ್ನು ಸಾಕು ಅಪ್ಪ. ಆ ಮಕ್ಕಳಿಗೆ ಏನಾದರೂ ಆಗಿದ್ದರೆ?” ಎಂದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅಪ್ಪ ತಲೆಯಾಡಿಸಿದರು. ನಲವತ್ತು ವರ್ಷ ಗಾಡಿ ಓಡಿಸಿದ ಮನುಷ್ಯ, ಕಾಲು ಜಾರಿತು ಎಂಬ ಒಂದು ಸುಳ್ಳಿಗೆ ಕೀಲಿ ಕೊಟ್ಟುಬಿಟ್ಟರು. ನಾನು ಸುಮ್ಮನಿದ್ದೆ.

ಎರಡು ದಿನ ಬಿಟ್ಟು ಕಾಕ ನನ್ನನ್ನು ಅಂಗಳಕ್ಕೆ ಕರೆದರು. ಜೀಪನ್ನು ಎಳೆದು ತಂದಾಗಿತ್ತು. ಕಾಕನ ಕೈಯಲ್ಲಿ ಆ ಪೈಪಿತ್ತು. “ಹಿಸುಕಿ ನೋಡು” ಎಂದರು. ಗಟ್ಟಿಯಾಗಿದ್ದ ಪೈಪು ಹಣ್ಣಾದ ಹಲಸಿನ ತೊಳೆಯ ಹಾಗೆ ಮೆತ್ತಗಾಗಿತ್ತು. ಉಬ್ಬಿದ ರಬ್ಬರಿನೊಳಕ್ಕೆ ನಾನು ಬಿಗಿದ ಕ್ಲಿಪ್ಪು ಚಾಕುವಿನಂತೆ ಇಳಿದಿತ್ತು. ಸೀಳಿದಲ್ಲಿ ಒರೆಸಿದರೆ ಬೆರಳಿಗೆ ಕಪ್ಪು ಮಸಿ.

“ಓದು” ಎಂದರು.

ಪೈಪಿನ ಉದ್ದಕ್ಕೂ ಹಳದಿ ಅಕ್ಷರಗಳು, ಅರ್ಧ ಮಾಸಿದವು. ಎಸ್‌ಎಇ ಜೆ30, ಆರ್7. ಪಕ್ಕದಲ್ಲಿ ಫ್ಯುಯೆಲ್ ಎಂದೇ ಬರೆದಿತ್ತು. ಜೆ30 ಎಂಬುದು ಇಂಧನದ ಪೈಪುಗಳ ಮಾನದಂಡ. ತಾಳೆಗರಿಯಲ್ಲಿ ಹುಳ ತಿಂದ ಅಕ್ಷರವನ್ನು ಭೂತಗನ್ನಡಿ ಹಿಡಿದು ಓದುವವಳು ನಾನು. ಇದು ಬರಿಗಣ್ಣಿಗೆ ಕಾಣುವಂತೆ ಬರೆದಿತ್ತು.

“ಕಾಕ, ಎರಡೂ ಆಯಿಲೇ ಅಲ್ವಾ?”

“ಹೆಸರು ಆಯಿಲ್ ಮಗಳೇ. ಅದು ಆಯಿಲ್ ಅಲ್ಲ. ಅದಕ್ಕೂ ಇದಕ್ಕೂ ಆಗುವುದಿಲ್ಲ.”

ಕಾಕನಿಗೆ ಇದು ಕೈಯಿಂದ ಬಂದ ತಿಳಿವಳಿಕೆ. ನಾನು ಓದಿ ತಿಳಿದದ್ದು ಆಮೇಲೆ. ಮೊದಮೊದಲ ಬ್ರೇಕುಗಳಿಗೆ ಹರಳೆಣ್ಣೆಗೆ ಆಲ್ಕೋಹಾಲು ಬೆರೆಸಿ ತುಂಬುತ್ತಿದ್ದರು, ಹಾಗಾಗಿ ಎಣ್ಣೆ ಎಂಬ ಮಾತಿಗೆ ಒಂದು ಕಾಲದಲ್ಲಿ ಅರ್ಥವಿತ್ತು. ಈಗ ನಾವು ಹಾಕುವ ಡಾಟ್ 3, ಡಾಟ್ 4 ದ್ರವಗಳು ಗ್ಲೈಕಾಲ್ ಈಥರ್ ಜಾತಿಯವು. ಎಣ್ಣೆಯ ಹಾಗೆ ನೀರನ್ನು ದೂರ ಇಡುವುದಿಲ್ಲ, ಗಾಳಿಯಲ್ಲಿನ ತೇವವನ್ನೂ ಕುಡಿಯುತ್ತವೆ. ರಬ್ಬರಿನಲ್ಲೂ ಜಾತಿ ಉಂಟು. ಪೆಟ್ರೋಲು, ಡೀಸೆಲ್ಲಿಗೆ ಬಳಸುವುದು ನೈಟ್ರೈಲ್ ರಬ್ಬರು. ಅದು ಎಣ್ಣೆಗೆ ಜಗ್ಗುವುದಿಲ್ಲ, ಬ್ರೇಕಿನ ದ್ರವದಲ್ಲಿ ಉಬ್ಬಿ ಮೆತ್ತಗಾಗುತ್ತದೆ. ಬ್ರೇಕಿಗೆ ಬೇಕಾದದ್ದು ಇಪಿಡಿಎಂ ಎಂಬ ರಬ್ಬರು. ಅದು ಬ್ರೇಕಿನ ದ್ರವದಲ್ಲಿ ವರ್ಷಗಟ್ಟಲೆ ಇರುತ್ತದೆ, ಡೀಸೆಲ್ಲೋ ಗ್ರೀಸೋ ತಾಗಿದರೆ ಹಾಳಾಗುತ್ತದೆ. ಒಬ್ಬರ ಅನ್ನ ಇನ್ನೊಬ್ಬರ ವಿಷ. ಅಂಗಡಿಯ ಮೊಳೆಯಲ್ಲಿ ನೇತಾಡುವಾಗ ಎರಡೂ ಕಪ್ಪು.

ನಂಬಿಕೆ ಬರಲೆಂದು ನಾಲ್ಕು ಹಳೆ ಉಪ್ಪಿನಕಾಯಿ ಬಾಟಲಿ ತೊಳೆದು ಒಣಗಿಸಿ, ಎರಡು ಪೈಪಿನ ತುಂಡುಗಳನ್ನು ಎರಡೆರಡು ದ್ರವದಲ್ಲಿ ಹಾಕಿ ಅಟ್ಟದಲ್ಲಿ ಇಟ್ಟೆ. ಮೂರು ವಾರದಲ್ಲಿ ಉತ್ತರ ಕಣ್ಣಿಗೇ ಕಂಡಿತು. ಡೀಸೆಲ್ಲಿನಲ್ಲಿ ಬ್ರೇಕಿನ ಪೈಪು ಊದಿಕೊಂಡು ಗುರುತು ಸಿಗದ ಹಾಗಾಗಿತ್ತು. ಬ್ರೇಕಿನ ದ್ರವದಲ್ಲಿ ಡೀಸೆಲ್ ಪೈಪು ಮೆತ್ತಗಾಗಿ, ದ್ರವ ಕಪ್ಪಾಗಿತ್ತು. ತಮ್ಮ ತಮ್ಮ ಮನೆಯಲ್ಲಿದ್ದ ಇನ್ನೆರಡು ತುಂಡುಗಳು ಹಾಕಿದ ದಿನದ ಹಾಗೆಯೇ ಇದ್ದವು.

ಗ್ರಂಥಸಂಪಾದನೆಯ ಮೊದಲ ಪಾಠಗಳಲ್ಲಿ ಒಂದು, ಅರ್ಥವಾಗದೆ ಇದ್ದದ್ದನ್ನು ಇದ್ದ ಹಾಗೆ ನಕಲು ಮಾಡುವ ಲಿಪಿಕಾರನಿಂದ ಕೃತಿಗೆ ಹೆಚ್ಚು ಅಪಾಯವಿಲ್ಲ. ಅರ್ಥವಾಯಿತೆಂದು ತಿಳಿದು ತಿದ್ದುವವನಿಂದ ಅಪಾಯ. ಅವನ ತಪ್ಪು ತಪ್ಪಿನಂತೆ ಕಾಣುವುದಿಲ್ಲ, ಸರಿಯಾಗಿ ಕೂತಿರುತ್ತದೆ. ಈ ಮಾತನ್ನು ನಾನು ಅಧ್ಯಾಯದಲ್ಲಿ ಬರೆದಿದ್ದೆ. ನನ್ನ ಪೈಪೂ ಸರಿಯಾಗಿಯೇ ಕೂತಿತ್ತು.

ಕೀಲಿ ಬೆಂಗಳೂರಿನಲ್ಲಿದ್ದರೂ ಕಾಕ ಕೆಲಸ ಬಿಡಲಿಲ್ಲ. “ನಿಲ್ಲಿಸಿ ಇಡುವುದಾದರೂ ಸರಿ ಮಾಡಿಯೇ ನಿಲ್ಲಿಸಬೇಕು” ಎಂದರು. ಅಪ್ಪ ಕೈಗೆ ಪ್ಲಾಸ್ಟರ್ ಹಾಕಿಕೊಂಡು ಸ್ಟೂಲಿನಲ್ಲಿ ಕೂತರು. ಈ ಸಲ ಮಾಡಿದವಳು ನಾನು, ಹೇಳಿದವರು ಅವರಿಬ್ಬರು.

ಮೊದಲು ಸಿಲಿಂಡರ್ ಬದಲಾಯಿತು. ಹಳೆಯ ಜೀಪಿನಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಮಾರ್ಗ, ಎಲ್ಲಿ ಸೋರಿದರೂ ನಾಲ್ಕೂ ಹೋಯಿತು. ಮುಂದಿನ ಚಕ್ರಕ್ಕೊಂದು, ಹಿಂದಿನದಕ್ಕೊಂದು ಎಂದು ಮಾರ್ಗವನ್ನು ಎರಡು ಮಾಡುವುದನ್ನು ಅಮೆರಿಕದಲ್ಲಿ 1968ರ ಹೊತ್ತಿಗೆ ಕಡ್ಡಾಯ ಮಾಡಿದರು. ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕಟ್ಟಿ ಕೊಯಮತ್ತೂರಿನ ಟ್ರ್ಯಾಕಿಗೆ ಒಯ್ಯುವ ಫಾರ್ಮುಲಾ ಕಾರುಗಳಿಗೂ ಇದೇ ನಿಯಮ. ಎರಡು ಮಾರ್ಗ ಬೇಕು, ಎರಡಕ್ಕೂ ಬೇರೆ ಬೇರೆ ಆಯಿಲ್ ಉಳಿತಾಯ ಬೇಕು. ಕಾಕ ಜೋಡಿ ಸಿಲಿಂಡರ್ ತಂದರು, ನಡುವೆ ಅಡ್ಡಗೋಡೆ ಇರುವ ಡಬ್ಬಿ ತಂದರು. ಒಂದು ಪೈಪಿನ ಜಾಗದಲ್ಲಿ ಎರಡು ಪೈಪುಗಳಾದವು.

ಪೈಪು ತರಲು ನಾನೇ ಹೋದೆ. ಅಂಗಡಿಯವರು ಮೊಳೆಯಿಂದ ತೆಗೆದು ಕೊಟ್ಟದ್ದನ್ನು ಬೆಳಕಿಗೆ ಹಿಡಿದು, ಅಕ್ಷರ ಓದಿ, ಬ್ರೇಕಿನದ್ದೇ ಎಂದು ಖಾತ್ರಿಯಾದ ಮೇಲೆ ಹಣ ಕೊಟ್ಟೆ. ಅಂಗಡಿಯವರು “ಎಂತ ಪರೀಕ್ಷೆಗೆ ಓದುವುದಾ?” ಎಂದು ನಕ್ಕರು.

ಹಾಯಿಸುವ ಕ್ರಮವನ್ನು ಅಪ್ಪ ಕಲಿಸಿದರು. ಪೈಪು ಡಬ್ಬಿಯಿಂದ ಸಿಲಿಂಡರಿನವರೆಗೆ ಇಳಿಯುತ್ತಲೇ ಇರಬೇಕು, ನಡುವೆ ಎಲ್ಲೂ ಹತ್ತಬಾರದು. “ತೋಟಕ್ಕೆ ದಂಬೆಯಲ್ಲಿ ನೀರು ತರುವ ಹಾಗೆ” ಎಂದರು. ದಂಬೆ ಎಂದರೆ ಅಡಿಕೆ ಮರ ಸೀಳಿ ಮಾಡಿದ ಕಾಲುವೆ, ಅದು ಒಂದು ಕಡೆ ಎದ್ದರೂ ನೀರು ನಿಲ್ಲುತ್ತದೆ. ಇಲ್ಲಿ ನಿಲ್ಲುವುದು ಗಾಳಿ. ಇಳಿಜಾರು ಸರಿಯಿದ್ದರೆ ಗುಳ್ಳೆ ತಾನಾಗಿ ಹತ್ತಿ ಡಬ್ಬಿಗೆ ಹೋಗುತ್ತದೆ, ಕಮಾನಿದ್ದರೆ ಅದರ ನೆತ್ತಿಯಲ್ಲಿ ಕೂರುತ್ತದೆ. ಫೆಬ್ರವರಿಯ ಆ ಸಂಜೆ ನಾವು ಒದ್ದಾಡಿದ್ದು ಇದಕ್ಕೆ.

ಡಬ್ಬಿ ಇರುವುದು ಬಾಡಿಯ ಮೇಲೆ, ಸಿಲಿಂಡರ್ ಇರುವುದು ಛಾಸಿಯ ಮೇಲೆ. ಜೀಪು ಗುಂಡಿಗೆ ಬಿದ್ದಾಗ ಎರಡೂ ಬೇರೆ ಬೇರೆಯಾಗಿ ಅಲುಗುತ್ತವೆ. ಆದ್ದರಿಂದ ಪೈಪನ್ನು ಬಿಗಿಯಾಗಿ ಎಳೆಯಬಾರದು, ಸ್ವಲ್ಪ ಸಡಿಲ ಬೇಕು. ಆದರೆ ಆ ಸಡಿಲ ಜೋತುಬಿದ್ದು ಗುಂಡಿಯಾಗುವಷ್ಟು ಇರಬಾರದು. ತಗಡಿನ ತೂತಿನಲ್ಲಿ ಹಾಯುವಲ್ಲಿ ರಬ್ಬರಿನ ಬಳೆ ಹಾಕದಿದ್ದರೆ ತಗಡಿನ ಅಂಚು ದಿನಕ್ಕಿಷ್ಟು ಎಂದು ಕೊರೆಯುತ್ತದೆ. ಸೈಲೆನ್ಸರ್ ಪೈಪಿನ ಬಿಸಿ ತಾಗಬಾರದು. ಪೈಪಿನ ತುದಿಯನ್ನು ಬ್ಲೇಡಿನಲ್ಲಿ ನೇರವಾಗಿ ಕೊಯ್ಯಬೇಕು, ಮೂಗಿನ ಬುಡದವರೆಗೆ ತಳ್ಳಬೇಕು. ತಳ್ಳಲು ಕಷ್ಟವಾದರೆ ಅದೇ ಬ್ರೇಕ್ ಆಯಿಲನ್ನು ಹಚ್ಚಬೇಕು, ಗ್ರೀಸಿನ ಕೈ ಮುಟ್ಟಿಸಲೂಬಾರದು. ಸ್ಕ್ರೂ ಕ್ಲಿಪ್ಪಿನ ಬದಲು ಕಾಕ ಸ್ಪ್ರಿಂಗಿನ ಕ್ಲಿಪ್ಪು ಹಾಕಿಸಿದರು. ಅದು ರಬ್ಬರು ಸ್ವಲ್ಪ ಹಿಗ್ಗಿದರೆ ತಾನೂ ಹಿಗ್ಗುತ್ತದೆ, ಕುಗ್ಗಿದರೆ ಕುಗ್ಗುತ್ತದೆ. “ನೀನು ಬಿಗಿದದ್ದು ಹೆಚ್ಚಾಯ್ತು ಮಗಳೇ, ಹಿಡಿದರೆ ಸಾಕು” ಎಂದರು.

ಆಯಿಲಿನ ಡಬ್ಬವೂ ಸಣ್ಣದು, ಸೀಲು ಒಡೆಯದ್ದು. ಡಾಟ್ 4 ಹೊಸದಿರುವಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ಅಳತೆ. ನೂರರಲ್ಲಿ 3.7 ಪಾಲು ನೀರು ಸೇರಿದರೆ ಆ ಅಳತೆ 155ಕ್ಕೆ ಇಳಿಯುತ್ತದೆ. ಘಟ್ಟ ಇಳಿಯುವಾಗ ಬ್ರೇಕು ಕಾದು ಈ ನೀರು ಆವಿಯಾದರೆ ಪೆಡಲಿಗೆ ಸಿಗುವುದು ದ್ರವವಲ್ಲ, ಆವಿಯ ಗುಳ್ಳೆ. ಅಕ್ಕಿಡಬ್ಬಿಯ ಉಪ್ಪೂ ನೀರಾಗುವ ನಮ್ಮ ಮಂಗಳೂರಿನ ಹವೆಗೆ ಅರ್ಧ ತೆರೆದಿಟ್ಟ ಬಾಟಲಿ ಬೇಡವೇ ಬೇಡ.

ಇಷ್ಟೆಲ್ಲ ನಡೆಯುವಾಗ ಅಪ್ಪ ಒಂದು ಸಲವೂ ಹಳೆಯ ಪೈಪಿನ ಮಾತೆತ್ತಲಿಲ್ಲ. ಯಾಕೆ ಸಿಲಿಂಡರ್ ಬದಲಿಸುತ್ತಿದ್ದೇವೆ ಎಂದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿದೆ ಎಂದೂ ಗೊತ್ತಿತ್ತು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಆಯುಧಪೂಜೆಗೆ ಅಣ್ಣ ಬಂದ. ಅತ್ತೆಯವರೂ ಬಂದಿದ್ದರು. ಜೀಪನ್ನು ತೊಳೆದು, ಬಾನೆಟ್ಟಿಗೆ ಸೇವಂತಿಗೆ ಮಾಲೆ ಹಾಕಿ, ಚಕ್ರದಡಿಗೆ ಲಿಂಬೆಹಣ್ಣು ಇಟ್ಟಾಗಿತ್ತು. ಇನ್ನು ಜೀಪನ್ನು ನಾಲ್ಕು ಹೆಜ್ಜೆ ಮುಂದಕ್ಕೆ ತೆಗೆಯಬೇಕು. ಕೀಲಿ ಅಣ್ಣನ ಕೈಯಲ್ಲಿತ್ತು. “ನಾನೇ ತೆಗೀತೇನೆ” ಎಂದು ಅವನು ಹತ್ತಲು ಹೋದ. ಅಪ್ಪ ಆರತಿಯ ತಟ್ಟೆ ಹಿಡಿದು ಬದಿಗೆ ನಿಂತರು, ಅವರ ಜೀಪಿಗೆ ಅವರೇ ನೆಂಟರ ಹಾಗೆ.

ನಾನು ಅಟ್ಟದಿಂದ ಬಾಟಲಿಯನ್ನೂ ಆ ಅರ್ಧ ಮೀಟರ್ ಪೈಪನ್ನೂ ತಂದು ಹೂವಿನ ಪಕ್ಕ ಬಾನೆಟ್ಟಿನ ಮೇಲೆ ಇಟ್ಟೆ. ಕಾಲು ಜಾರಿದ್ದಲ್ಲ ಎಂದೆ. ಬ್ರೇಕು ಇರಲಿಲ್ಲ, ಪೈಪು ಹಾಕಿದ್ದು ನಾನು, ಲೆವೆಲ್ ನೋಡದೆ ಸರಿ ಉಂಟು ಎಂದವಳೂ ನಾನು, ಮಕ್ಕಳ ಮೇಲೆ ಹೋಗದ ಹಾಗೆ ತಿರುಗಿಸಿದ್ದು ಅಪ್ಪ. ಒಂದೇ ಉಸಿರಿಗೆ ಹೇಳಿದೆ. ಸುಳ್ಳು ಹೇಳುವಾಗಲೂ ಇಷ್ಟು ತೊದಲಿರಲಿಲ್ಲ.

ಅತ್ತೆ “ಅಯ್ಯೋ ಬಾಲೆ” ಎಂದರು. ಅಣ್ಣ ಪೈಪನ್ನು ಹಿಸುಕಿ ನೋಡಿದ, ನನ್ನನ್ನು ನೋಡಿದ. ಅವನು ಅವತ್ತು ನನ್ನೊಂದಿಗೆ ಮಾತಾಡಲಿಲ್ಲ, ಮರುದಿನವೂ ಇಲ್ಲ. ಆದರೆ ಕೀಲಿಯನ್ನು ಅಪ್ಪನ ಎಡಗೈಗೆ ಕೊಟ್ಟ. ಅಪ್ಪ ತಟ್ಟೆಯನ್ನು ಅತ್ತೆಗೆ ದಾಟಿಸಿ, ಮಂಡಿ ಹಿಡಿದುಕೊಂಡು ಮೆಲ್ಲನೆ ಹತ್ತಿ ಕೂತರು. ಸ್ಟಾರ್ಟ್ ಮಾಡುವ ಮೊದಲು ಪೆಡಲನ್ನು ಮೂರು ಸಲ ಒತ್ತಿ ನೋಡಿದರು. ಲಿಂಬೆಹಣ್ಣು ಚಿಟ್ಟೆಂದು ಒಡೆಯಿತು.

ಮಣಿಕಟ್ಟು ಪೂರ್ತಿ ಸರಿಯಾಗಿಲ್ಲ. ಮಳೆ ಬಂದರೆ ನೋಯುತ್ತದೆ. ಆ ಹುಡುಗನಿಗೆ ಹೊಸ ಕೊಡೆ ಕೊಡಲು ಹೋದಾಗ ಅವನ ಅಮ್ಮ ಬಾಗಿಲಲ್ಲೇ ತೆಗೆದುಕೊಂಡು ಒಳಗೆ ಹೋದರು. ಅವರು ಕೂರಲು ಹೇಳಬೇಕಿತ್ತೆಂದು ನನಗೆ ಅನಿಸಲಿಲ್ಲ.

ಈಗ ಭಾನುವಾರ ಬೆಳಗ್ಗೆ ಬಾನೆಟ್ ಎತ್ತುವುದು ನನ್ನ ಕೆಲಸ. ಅಪ್ಪ ಜಗಲಿಯಲ್ಲಿ ಚಾ ಕುಡಿಯುತ್ತಾ ಕೂತಲ್ಲಿಂದಲೇ ಕೇಳುತ್ತಾರೆ.

“ತೂಯನಾ?”

ನೋಡಿದೆ ಎನ್ನುತ್ತೇನೆ. ಸರಿ ಉಂಟು ಎಂದರೆ ಅವರು ಒಪ್ಪುವುದಿಲ್ಲ.

“ಏತುಂಡು?”

ಆಗ ನಾನು ಮತ್ತೊಮ್ಮೆ ಬಗ್ಗಿ, ಎರಡು ಕೋಣೆಗಳಲ್ಲೂ ಆಯಿಲ್ ಮೇಲಿನ ಗೆರೆಯಿಂದ ಎಷ್ಟು ಕೆಳಗಿದೆ ಎಂದು ಬೆರಳಿಟ್ಟು ಅಳೆದು, ಮುಂದಿನದ್ದು ಇಷ್ಟು, ಹಿಂದಿನದ್ದು ಇಷ್ಟು ಎಂದು ಕೂಗಿ ಹೇಳಬೇಕು.